ಬಸಪ್ಪ ಪಾದ ಕೊಟ್ಟಿತು

ಬೆಳಗ್ಗೆ ಆರು ಗಂಟೆ. ಅಂಕಯ್ಯ ಬಾಗಿಲು ತೆಗೆದಾಗ ಅಂಗಳದಲ್ಲಿ ದೇವರ ಬಸಪ್ಪ ನಿಂತಿತ್ತು.

ಗೇಟಿನ ಚಿಲಕ ರಾತ್ರಿ ಅವನು ಹಾಕಿದ ಹಾಗೇ ಇತ್ತು. ಬೇಲಿ ಎಲ್ಲೂ ಮುರಿದಿರಲಿಲ್ಲ. ಮಂಜಿನೊಳಗೆ ಅರ್ಧ ಬಿಡಿಸಿಟ್ಟ ಚಿತ್ರದಂತಿದ್ದ ಆ ಬಿಳಿ ಗೂಳಿ, ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿತ್ತು. ಅದು ಒಂದು ಹೆಜ್ಜೆ ಮುಂದಿಟ್ಟಿತು. ಕೊರಳಿನ ಗಂಟೆ ಅಲ್ಲಾಡಿತು, ಸದ್ದು ಬರಲಿಲ್ಲ.

ಬರುವುದೂ ಇಲ್ಲ. ಎರಡು ವರ್ಷದ ಹಿಂದೆ ಗುಡ್ಡಪ್ಪ ಕೆಂಪಯ್ಯ ತೀರಿಕೊಂಡ ದಿನ ಆ ಗಂಟೆಯ ನಾಲಗೆ ತಾನಾಗಿ ಕಳಚಿ ಬಿದ್ದಿತ್ತು. ಗುಡ್ಡಪ್ಪನೆಂದರೆ ಬಸಪ್ಪನ ಸೇವೆ ಮಾಡಿಕೊಂಡು ಅದರ ಹಿಂದೆ ತಿರುಗುವವನು. ಅವನನ್ನು ಆರಿಸುವುದು ಬಸಪ್ಪನೇ. ಹೊಸಬ ಬರುವತನಕ ಗಂಟೆ ಮುಟ್ಟಬಾರದೆಂದು ಊರು ತೀರ್ಮಾನಿಸಿತ್ತು. ಬಸಪ್ಪ ಯಾರನ್ನೂ ಆರಿಸಿರಲಿಲ್ಲ.

ಮದ್ದೂರು–ಮಳವಳ್ಳಿ ರಸ್ತೆಯ ಆ ಸುತ್ತಿನಲ್ಲಿ ಬಸಪ್ಪನ ಕ್ರಮ ಎಲ್ಲರಿಗೂ ಗೊತ್ತು. ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಗೈ ಚಾಚಿ ಕೂರಬೇಕು. ಮುಂಗಾಲೆತ್ತಿ ಅಂಗೈ ಮೇಲಿಟ್ಟರೆ ಹೌದು, ಹಿಂದೆ ತಿರುಗಿದರೆ ಇಲ್ಲ. ಯಾವುದಾದರೂ ವಸ್ತುವಿನ ಮೇಲೆ ಪಾದವಿಟ್ಟರೆ ಅದು ದೇವರದ್ದು. ಹೋದ ವರ್ಷ ಶಿವಣ್ಣ ಆಗಷ್ಟೇ ತಂದಿಳಿಸಿದ್ದ ಹೊಸ ಪಂಪ್‌ಸೆಟ್ಟು ಹಾಗೇ ದೇವರ ಪಾಲಾಯಿತು. ಶಿವಣ್ಣ ಈಗಲೂ ಏತ ಹೊಡೆಯುವವನ ಮುಖ ಹಾಕಿಕೊಂಡೇ ಕೈಮುಗಿಯುತ್ತಾನೆ.

ಅಂಕಯ್ಯನ ಪ್ರಶ್ನೆ ಬೇರೆ. ಮಂಡ್ಯದ ಬೆಲ್ಲದ ಮಂಡಿಯಲ್ಲಿ ಅವನು ಹತ್ತೊಂಬತ್ತು ವರ್ಷದಿಂದ ಗುಮಾಸ್ತ. ದಿನವಿಡೀ ಅಚ್ಚು ಮುರಿದು ನೋಡಿ ನೋಡಿ ಅವನ ಕೈಯೇ ಬೆಲ್ಲವಾಗಿತ್ತು. ಒಣಹಾಕಿದ ಅಂಗಿಗೂ ಇರುವೆ ಹತ್ತುತ್ತದೆಂದು ಹೆಂಡತಿ ಕವಿತ ಗೊಣಗುತ್ತಿದ್ದಳು. ಅವಳಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಆ ಅಂಗಿಗೆ ಒಂದು ಒಳಜೇಬು ಇತ್ತು, ಅದರಲ್ಲಿ ಮೈಸೂರಿನ ಕುದುರೆ ರೇಸಿನಲ್ಲಿ ಮೂರು ಸಲ ಸಾಲಾಗಿ ಗೆದ್ದ ದುಡ್ಡಿತ್ತು. ಕೆಲಸ ಬಿಟ್ಟು ಕುದುರೆಯನ್ನೇ ನಂಬಲೇ? ಹಿಂದಿನ ಸಂಜೆ ಅವನು ಕೇಳಿದ್ದು ಇದನ್ನೇ. ಬಸಪ್ಪ ಪಾದವನ್ನೂ ಕೊಟ್ಟಿರಲಿಲ್ಲ, ತಿರುಗಿಯೂ ಇರಲಿಲ್ಲ. ನಾಳೆ ಬನ್ನಿ ಎನ್ನುವ ತಾಲ್ಲೂಕು ಕಚೇರಿಯವರ ಹಾಗೆ ಸುಮ್ಮನೆ ನೋಡಿತ್ತು.

ಈಗ ತಾನೇ ಬಂದಿದೆ.

ಪಕ್ಕದ ಮನೆಯ ಚಿಕ್ಕಬೋರಮ್ಮ ಗೋಡೆ ಮೇಲೆ ತಲೆ ಇಟ್ಟಿದ್ದಳು. ದೇಹ ಕಾಣದೆ ಬರೀ ತಲೆ ಮಾತಾಡಿತು.

"ಲೇ ಅಂಕಯ್ಯ, ಯಾವ್ದುಲಾ ಅರಕೆ ಮರ್ತಿದ್ದೀಯ? ಮನೆ ಬಾಗ್ಲುಗೇ ಬಂದವ್ನಲ್ಲ!"

"ಯಾವ್ದೂ ಇಲ್ಲ ಕಣವ್ವ."

"ಇಲ್ದೆ ಬತ್ತಾನಾ? ಕುಂತ್ಕೊ, ಕೈ ಒಡ್ಡು."

ಅಂಕಯ್ಯ ಕುಳಿತು ಅಂಗೈ ಚಾಚಿದ. ಬಸಪ್ಪ ಬಾಗಿ ಮೂಸಿತು. ಅದರ ಉಸಿರು ಬಿಸಿಯಾಗಿರಲಿಲ್ಲ; ಬಾವಿಯೊಳಗಿಂದ ಬಂದ ಗಾಳಿಯಂತಿತ್ತು. ಆಮೇಲೆ ಕಾಲೆತ್ತಿ, ಎಲೆ ಉದುರಿದಷ್ಟು ಹಗುರಾಗಿ ಅವನ ಅಂಗೈ ಮೇಲಿಟ್ಟಿತು.

"ಕೊಟ್ಬುಟ್ಟ! ಪಾದ ಕೊಟ್ಬುಟ್ಟ!" ಎಂದು ಗೋಡೆಯ ಮೇಲಿನ ತಲೆ ಕೂಗಿತು. "ಏನ್ ಕೇಳ್ದೆಲಾ?"

"ಕೆಲ್ಸದ್ ವಿಚಾರ."

ತಲೆ ಮಾಯವಾಯಿತು. ಅದು ಹಾಗೆ ಮಾಯವಾದರೆ ಸುದ್ದಿ ಕೆರೆ ಏರಿ ದಾಟಿತೆಂದೇ ಲೆಕ್ಕ.

ಬಸ್ಸಿನವರೆಗೂ ಬಸಪ್ಪ ಹಿಂದೆಯೇ ಬಂತು. ಅಂಕಯ್ಯ ನಿಂತರೆ ನಿಂತಿತು. ಬಸ್ಸು ಹೊರಟಾಗ ರಸ್ತೆ ನಡುವೆ ನಿಂತು ನೋಡುತ್ತಲೇ ಇತ್ತು.

ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ಅವನಿಗೆ ಅನುಮಾನ ಬಂತು. ತಿಂಗಳ ಸಂಬಳ ಬಿಟ್ಟು ನಾಲ್ಕು ಕಾಲಿನ ಪ್ರಾಣಿಯನ್ನು ನಂಬುವುದೇ? ವಾಪಸ್ ಹೋಗೋಣವೆಂದುಕೊಂಡ. ಬೆನ್ನ ಹಿಂದೆ ಠಣ್ ಎಂದಿತು. ಗಂಟೆ. ತಿರುಗಿದರೆ ವಡೆ ಕಟ್ಟುತ್ತಿದ್ದ ಮನುಷ್ಯನೊಬ್ಬನೇ.

"ಗಂಟೆ ಸದ್ದು ಬಂತಲ್ವಾ?"

"ಗಂಟೆನೂ ಇಲ್ಲ ಗಿಂಟೆನೂ ಇಲ್ಲ ಕಣಣ್ಣ. ವಡೆ ಬೇಕಾ, ಬ್ಯಾಡ್ವಾ?"

ಮಂಡಿಯಲ್ಲಿ ಸಾಹುಕಾರ ನಯಾಜ್ ಪಾಷಾ ಚಹಾ ಕುಡಿಯುತ್ತಿದ್ದರು. ಅಂಕಯ್ಯ ಬಾಯಿ ತೆರೆದ, ಮುಚ್ಚಿದ. ಬೆಲ್ಲದ ರಾಶಿಯ ಹಿಂದೆಲ್ಲೋ ಮತ್ತೆ ಠಣ್ ಎಂದಿತು.

"ಕೆಲ್ಸ ಬುಡ್ತೀನಿ ಸಾವ್ಕಾರ್ರೆ."

"ಯಾಕಪ್ಪ? ನಾನೇನಾದ್ರೂ ಅಂದ್ನಾ?"

"ಇಲ್ಲ. ಬಸಪ್ಪ ಪಾದ ಕೊಟ್ಟವ್ನೆ."

ಇಷ್ಟು ವರ್ಷ ದುಡಿದವನನ್ನು ಸಾಹುಕಾರರು ಕೈಹಿಡಿದು ತಡೆದಾರೆಂದು ಅಂಕಯ್ಯನ ಒಳಗೊಂದು ಆಸೆಯಿತ್ತು. ನಯಾಜ್ ಪಾಷಾ ಲೋಟ ಕೆಳಗಿಟ್ಟರು.

"ದೇವ್ರು ಹೇಳಿದ್ಮೇಲೆ ನಾನು ಅಡ್ಡ ಬಂದ್ರೆ ನಂಗೆ ಒಳ್ಳೇದಾಗುತ್ತಾ? ಹೋಗ್ಬಾ ಅಂಕಯ್ಯ." ಬಾಕಿ ಸಂಬಳ ಎಣಿಸಿಕೊಟ್ಟು ಒಳಗೆ ಕೂಗಿದರು, "ಅಕೀಲ್, ಬಾಪ್ಪ, ನಾಳೆಯಿಂದ ಈ ಕುರ್ಚಿ ನಿಂದು."

ತೂಕದ ಕಟ್ಟೆಯಲ್ಲಿದ್ದ ಅಕೀಲ್ ನಾಳೆಯವರೆಗೆ ಕಾಯಲಿಲ್ಲ. "ಅಣ್ಣ, ಬೇಜಾರ್ ಮಾಡ್ಕೋಬೇಡಿ" ಎನ್ನುತ್ತಲೇ ಕೂತುಬಿಟ್ಟ. ಅಂಕಯ್ಯ ಸಂಬಳವನ್ನೂ ಒಳಜೇಬಿಗೆ ಸೇರಿಸಿ ಹೊರಟ.

ಊರಿಗೆ ಬಂದಾಗ ತಮಟೆ ಕೇಳಿಸಿತು. ಅವನ ಮನೆಯ ಮುಂದೆ ಊರೇ ನೆರೆದಿತ್ತು. ನಡುವೆ ಬಸಪ್ಪ ಬೆಳಗ್ಗೆ ನಿಂತಿದ್ದ ಜಾಗದಲ್ಲೇ, ಬೆಳಗ್ಗಿನಿಂದ ಕದಲದ ಹಾಗೆ ನಿಂತಿತ್ತು. ಊರ ಯಜಮಾನ ಮಹದೇವಯ್ಯ ಕೆಂಪು ಪೇಟ ಹಿಡಿದು ಮುಂದೆ ಬಂದ.

"ಮನೆತಾವ್ಕೆ ಬಂದು ಪಾದ ಕೊಟ್ಟವ್ನೆ ಅಂದ್ರೆ ಇನ್ನೇನ್ ಬೇಕು? ಎರಡ್ ವರ್ಸದಿಂದ ಕಾಯ್ತಿದ್ದೋ. ನೀನೇ ಗುಡ್ಡಪ್ಪ ಕಣಪ್ಪ."

"ನಾನಾ? ನಾನ್ ಕೆಲ್ಸ ಬುಟ್ಟು..."

"ಕೆಲ್ಸ ಬುಟ್ ಬಂದವ್ನಂತೆ!" ಚಿಕ್ಕಬೋರಮ್ಮ ಕೂಗಿದಳು. "ನಾವ್ ಬಾಯ್ ಬುಡೋಕ್ ಮುಂಚೆನೇ ಬುಟ್ ಬಂದವ್ನೆ! ಇದ್ಕಿಂತ ಸಾಕ್ಸಿ ಬೇಕೇನ್ರಪ್ಪ?"

ಕವಿತ ಅವನತ್ತ ನೋಡಿದ ನೋಟಕ್ಕೆ ತಮಟೆಯವನೂ ಒಂದು ಪೆಟ್ಟು ತಪ್ಪಿದ.

"ಶನಿವಾರ, ಭಾನುವಾರ ಭಕ್ತಾದಿಗಳು ಬತ್ತಾರೆ, ಗುಡ್ಡಪ್ಪ ಆದೋನು ಊರು ದಾಟಂಗಿಲ್ಲ" ಎಂದ ಮಹದೇವಯ್ಯ. "ಕುಡ್ತ ಇಲ್ಲ, ಜೂಜು ಇಲ್ಲ. ದೇವಸ್ಥಾನದಲ್ಲಿ ಎರಡೊತ್ತು ಊಟ."

ಅಂಕಯ್ಯ ಹಿಂದೆ ಸರಿದ. ಹಿಂದೆ ಶಿವಣ್ಣ ನಿಂತಿದ್ದ. ಪಂಪ್‌ಸೆಟ್ಟು ಕಳೆದುಕೊಂಡವನಿಗೆ ಜೊತೆ ಸಿಕ್ಕ ಸಂತೋಷ ಅವನ ಮುಖದಲ್ಲಿತ್ತು. ನಾಲ್ಕು ಜನ ಸೇರಿ ಅಂಕಯ್ಯನ ಅಂಗಿ ಬಿಚ್ಚಿ ಜಗುಲಿಯ ಮೇಲೆಸೆದರು. ಅರಿಶಿನ ನೀರು ಹುಯ್ದು, ಸೀಗೆಪುಡಿ ಹಾಕಿ, ತೆಂಗಿನ ನಾರಿನಿಂದ ಮೈ ಕೈ ತಿಕ್ಕಿದರು. ಹತ್ತೊಂಬತ್ತು ವರ್ಷದ ಬೆಲ್ಲ ಬಚ್ಚಲ ನೀರಾಗಿ ಹರಿಯಿತು.

"ಎಲ್ರ ಮುಂದೆ ಇನ್ನೊಂದ್ ಕಿತ ಕೈ ಒಡ್ಡು. ಶಾಸ್ತ್ರ" ಎಂದ ಮಹದೇವಯ್ಯ.

ಅಂಕಯ್ಯ ಒದ್ದೆ ಅಂಗೈ ಚಾಚಿದ. ತಮಟೆ ನಿಂತಿತು. ಬಸಪ್ಪ ಬಾಗಿ ಮೂಸಿತು. ಮತ್ತೊಮ್ಮೆ ಮೂಸಿತು. ತಲೆಯೆತ್ತಿ, ಗುರುತೇ ಇಲ್ಲದವನನ್ನು ನೋಡುವಂತೆ ನೋಡಿ, ನಿಧಾನಕ್ಕೆ ಹಿಂದೆ ತಿರುಗಿತು.

ಬಸಪ್ಪ ಜಗುಲಿಯತ್ತ ನಡೆಯಿತು. ಅಲ್ಲಿ ಮುದ್ದೆಯಾಗಿ ಬಿದ್ದಿದ್ದ ಅಂಗಿಯನ್ನು ಮೂಸಿ, ನೆಕ್ಕಿ, ಮುಂಗಾಲೆತ್ತಿ ಅದರ ಮೇಲಿಟ್ಟಿತು.

ಠಣ್.

ಈ ಸಲ ಎಲ್ಲರಿಗೂ ಕೇಳಿಸಿತು. ಮಹದೇವಯ್ಯ ಬಗ್ಗಿ ಗಂಟೆಯೊಳಗೆ ನೋಡಿದ. ನಾಲಗೆ ಇರಲಿಲ್ಲ. ಅವನ ಕೈಯಿಂದ ಪೇಟ ಜಾರಿತು.

"ಅಂಗಿ ದೇವ್ರುದಾಯ್ತು" ಎಂದ. "ಯಾರೂ ಬಿಚ್ಚಿ ನೋಡ್ಬ್ಯಾಡಿ. ಅಂಗೇ ಮಡಚಿ ಗರ್ಭಗುಡಿ ಪೆಟ್ಟಿಗೇಲಿ ಇಟ್ಟು ಬೀಗ ಹಾಕಿ."

"ಒಂದ್ ನಿಮ್ಸ! ಆ ಅಂಗಿ..." ಎಂದ ಅಂಕಯ್ಯ.

"ಯಾಕೆ?" ಎಂದಳು ಕವಿತ. "ಅದ್ರಲ್ಲೇನೈತೆ?"

ಅಂಕಯ್ಯ ಅವಳ ಮುಖ ನೋಡಿದ. ಬಸಪ್ಪನ ಮುಖ ನೋಡಿದ.

"ಏನೂ ಇಲ್ಲ."

ಮರುದಿನ ಅವನು ಮಂಡಿಗೆ ಹೋಗಿ ಕೇಳಿದ. ಕೆಲಸ ಇರಲಿಲ್ಲ. ಭಾನುವಾರ ಮೈಸೂರಿನಲ್ಲಿ ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ಕುದುರೆ ಮೊದಲು ಬಂತು.