ಹದಿನಾಲ್ಕು ತಿಂಗಳು ಓನರ್ ಮನೆ ಫೋನಿನಲ್ಲಿದ್ದೆ

ಕೆಲವರಿಗೆ ಲಾಟರಿ ಹೊಡೆಯುತ್ತೆ, ಕೆಲವರಿಗೆ ಸೈಟ್ ಸಿಗುತ್ತೆ, ನನಗೆ ಮಾತ್ರ ಜನ ನಗೋ ಅಂಥದ್ದೇ ಆಗ್ತಾ ಇರುತ್ತೆ. ಪೀಣ್ಯದಲ್ಲಿ ಫಿಟ್ಟರ್ ಆಗಿ ಕೂದಲು ಬೆಳ್ಳಗಾಗಿಸಿಕೊಂಡವನು ನಾನು. ಟೀ ಟೈಮಲ್ಲಿ ಈಗಲೂ ಯಾರಾದರೊಬ್ಬರು ಆ ಜರ್ಮನಿ ಕತೆ ಹೇಳಿ ಸಾರ್ ಅಂತ ಶುರು ಮಾಡ್ತಾರೆ. ಹೇಳ್ತೀನಿ. ಹೊಟ್ಟೆ ಹಿಡ್ಕೊಂಡು ನಗ್ತಾರೆ. ನಾನೂ ಜತೆಗೆ ನಗ್ತೀನಿ. ಆದರೆ ನಿಜ ಹೇಳ್ಬೇಕು ಅಂದ್ರೆ, ಇವೆಲ್ಲ ಆಗುವಾಗ ನನಗೆ ಒಂದಕ್ಕೂ ನಗು ಬಂದಿರಲಿಲ್ಲ.

೧. ಮೂರೇ ತಿಂಗಳು

ತೊಂಬತ್ತರ ದಶಕದ ಶುರು. ಜರ್ಮನಿಯ ಯಾವುದೋ ಸಣ್ಣ ಊರಲ್ಲಿ ಒಂದು ಕಾರ್ಖಾನೆ ಮುಚ್ಚಿ ಹೋಗ್ತಿತ್ತು. ಅಲ್ಲಿಯ ಗೇರ್ ಕತ್ತರಿಸೋ ಮೆಷಿನ್‌ಗಳನ್ನ ನಮ್ಮ ಫ್ಯಾಕ್ಟರಿ ಯಜಮಾನರು ಕೊಂಡರು. ಅಲ್ಲಿಗೆ ಹೋಗಿ, ಅವುಗಳ ಮೇಲೆ ಕೆಲಸ ಕಲಿತು, ಬಿಚ್ಚಿ, ಪೆಟ್ಟಿಗೆಗೆ ತುಂಬಿ ಹಡಗಿಗೆ ಹಾಕಿಸೋಕೆ ಇಬ್ಬರು ಬೇಕಾಗಿದ್ದರು. ನನ್ನನ್ನೂ, ಗದಗದ ಕಡೆಯಿಂದ ಬಂದು ನಮ್ಮ ದಾಸರಹಳ್ಳಿಯಲ್ಲೇ ರೂಮು ಮಾಡಿಕೊಂಡಿದ್ದ ಇನ್ನೊಬ್ಬ ಫಿಟ್ಟರನ್ನೂ ಆರಿಸಿದರು.

"ಮೂರೇ ತಿಂಗಳು ಕಣಪ್ಪ, ಹೋದೆ ಬಂದೆ ಅನ್ನೋ ಅಷ್ಟ್ರಲ್ಲಿ ಮುಗಿದೋಗತ್ತೆ" ಅಂದರು ಯಜಮಾನರು.

ನನ್ನ ಮಗಳಿಗೆ ಆಗ ಎರಡು ವರ್ಷ ತುಂಬಿತ್ತು. ನಾನು ಫ್ಯಾಕ್ಟರಿಯಿಂದ ಬಂದರೆ ಗ್ರೀಸ್ ಹತ್ತಿದ ಷರಟಿಗೇ ಬಂದು ಅಂಟಿಕೊಳ್ಳೋಳು. ಹೊರಟ ದಿನ ಮಧ್ಯಾಹ್ನ ಊಟ ಮಾಡಿ ಮಲಗಿದ್ದಳು. ಎಬ್ಬಿಸಬೇಡಿ, ಎದ್ದರೆ ಬಿಡಲ್ಲ ಅಂದಳು ಹೆಂಡತಿ. ಕಾಲಿನ ಹೆಬ್ಬೆರಳು ಮುಟ್ಟಿ, ಕಳ್ಳನ ಹಾಗೆ ಹೊರಗೆ ಬಂದೆ. ವಿಮಾನದಲ್ಲಿ ಪಕ್ಕದ ಫಿಟ್ಟರ್ ಕಿಟಕಿಯಿಂದ ಮೋಡ ನೋಡ್ತಿದ್ದ, ನನಗೆ ಮಾತ್ರ ಒಂದೇ ಭಯ, ಈ ಮಗು ನನ್ನನ್ನ ಮರೆತುಬಿಡುತ್ತಾ ಅಂತ.

ಮೂರು ತಿಂಗಳಾದ ಮೇಲೆ ಯಜಮಾನರು ಫೋನಲ್ಲಿ ಇನ್ನೊಂದೇ ತಿಂಗಳು ಅಂದರು. ಆಮೇಲೆ ಮತ್ತೆ ಇನ್ನೊಂದೇ ತಿಂಗಳು. ಒಂದು ಮೆಷಿನ್ ಸರಿಯಿಲ್ಲ, ಕಾಗದ ಪತ್ರ ಆಗಿಲ್ಲ, ಹಡಗು ಸಿಕ್ಕಿಲ್ಲ, ಏನಾದರೊಂದು. ಐದನೇ ಸಲ ಅದೇ ಮಾತು ಬಂದಾಗ ಗದಗದ ಫಿಟ್ಟರ್ ಬೆರಳು ಮಡಚಿ ಎಣಿಸಿ, ಗಂಭೀರವಾಗಿ ನನಗೆ ಹೇಳಿದ: "ಸರ, ಈ ಜರ್ಮನ್ ತಿಂಗಳಿಗೆ ಎಷ್ಟ ದಿನಾ ಅಂತ ಒಮ್ಮೆ ಕೇಳ್ಬಿಡ್ರಿ."

೨. ಕುಂಬಳಕಾಯಿ

ಅಲ್ಲಿರುವಾಗಲೇ ಆಯುಧಪೂಜೆ ಬಂತು. ಪೀಣ್ಯದಲ್ಲಿ ಆವತ್ತು ಕೆಲಸ ಇಲ್ಲ. ಮೆಷಿನ್ ತೊಳೆದು, ಹೂ ಹಾಕಿ, ಹೆಂಡತಿ ಮಕ್ಕಳನ್ನೆಲ್ಲ ಕರೆದುಕೊಂಡು ಬರ್ತೀವಿ. ಹಿಂದಿನ ವರ್ಷ ಮಗಳನ್ನ ನನ್ನ ಮೆಷಿನ್ ಮುಂದೆ ನಿಲ್ಲಿಸಿ ಅವಳ ಕೈಯಲ್ಲೇ ಕುಂಕುಮ ಹಚ್ಚಿಸಿದ್ದೆ. ಮೆಷಿನ್‌ಗೆ ಒಂದು ಬೊಟ್ಟು, ನನ್ನ ಮೂಗಿಗೆ ಎರಡು ಹಚ್ಚಿದ್ದಳು. ಅದು ನೆನಪಾಗಿ ಬೆಳಗ್ಗೆ ತಿಂಡಿ ಸೇರಲಿಲ್ಲ.

ಗದಗದವನಿಗೆ ನನ್ನ ಮುಖ ನೋಡಿ ಏನನ್ನಿಸಿತೋ, ಪೂಜಿ ಮಾಡಿಬಿಡೂಣ್ರಿ ಅಂದ. ಅವನ ಪೆಟ್ಟಿಗೆಯಲ್ಲಿ ಕುಂಕುಮ ಇತ್ತು. ಬೂದುಗುಂಬಳ ಎಲ್ಲಿಂದ ತರೋದು? ಸಂತೆಯಲ್ಲಿ ಒಂದು ದೊಡ್ಡ ಹಸಿರು ಕುಂಬಳಕಾಯಿ ಸಿಕ್ಕಿತು. ತೂತು ಮಾಡಿ ಕುಂಕುಮದ ನೀರು ತುಂಬಿ, ಮೆಷಿನ್‌ಗೆ ದೃಷ್ಟಿ ತೆಗೆದು, ಶೆಡ್ಡಿನ ಬಾಗಿಲಲ್ಲಿ ಎತ್ತಿ ಅಪ್ಪಳಿಸಿದೆವು. ನೆಲವೆಲ್ಲ ಕೆಂಪಗೆ ಚೆಲ್ಲಿತು. ನಮ್ಮ ಪ್ಯಾಂಟಿಗೂ ಚಿಮ್ಮಿತು.

ಅಲ್ಲಿಯ ಮುದುಕ ಸೂಪರ್‌ವೈಸರ್ ಮೇಲಿನ ಕಿಟಕಿಯಿಂದ ಇದನ್ನ ನೋಡಿದ್ದಾನೆ. ಏದುಸಿರು ಬಿಡ್ತಾ ಓಡಿ ಬಂದು ನನ್ನ ಎರಡೂ ಕೈ ಹಿಡಿದು ಬೆರಳು ಎಣಿಸಿದ. ಆಮೇಲೆ ಗದಗದವನದ್ದು. ಇಪ್ಪತ್ತೂ ಇತ್ತು. ನಂಬಿಕೆ ಬರದೆ ಇನ್ನೊಂದು ಸಲ ಎಣಿಸಿದ. ಅಷ್ಟು ಹೊತ್ತಿಗೆ ಹೊರಗೆ ಸೈರನ್ ಕೇಳಿಸ್ತು. ಅಪಘಾತ ಆಗದೆ ಇರಲಿ ಅಂತ ಮಾಡಿದ ಪೂಜೆಗೆ ಆಂಬುಲೆನ್ಸ್ ಬಂತು. ಪೂಜೆಗೆ ಬಂದವರನ್ನ ಬರಿಗೈಲಿ ಕಳಿಸೋದು ಹೇಗೆ ಅಂತ ಗದಗದವನು ಡ್ರೈವರ್‌ಗೂ ನರ್ಸ್‌ಗೂ ಒಂದೊಂದು ಚಮಚ ಸಕ್ಕರೆ ಕೊಟ್ಟ.

೩. ಬರ್ತೀನಿ

ನಮ್ಮ ಮನೇಲಿ ಫೋನಿರಲಿಲ್ಲ. ಕೆಳಗಡೆ ಓನರ್ ಮನೇಲಿತ್ತು. ಓನರ್ ಜಾಲಹಳ್ಳಿಯ ಸರ್ಕಾರಿ ಫ್ಯಾಕ್ಟರಿಯಿಂದ ರಿಟೈರಾದವರು, ಮಾತು ಕಡಿಮೆ. ಓನರ್ ಆಂಟಿಗೆ ಮಾತೇ ಊಟ. ಪ್ರತಿ ಭಾನುವಾರ ನಮ್ಮೂರಿನ ಸಂಜೆ ಐದಕ್ಕೆ, ಜರ್ಮನಿಯ ರಸ್ತೆ ಬದಿ ನಾಣ್ಯದ ಬೂತಿನಿಂದ, ನಾನು ಅಲ್ಲಿಗೆ ಫೋನ್ ಮಾಡ್ತಿದ್ದೆ. ಹೆಂಡತಿ ಹತ್ರ ನಾಲ್ಕು ಮಾತು, ಆಮೇಲೆ ಮಗಳು. ಮೊದಮೊದಲು ಬರೀ ಉಸಿರು ಕೇಳಿಸ್ತಿತ್ತು. ಬರ್ತಾ ಬರ್ತಾ ಮಾತು ಕಲಿತಳು. ಅವಳ ಮಾತು ಬೆಳೆದದ್ದೆಲ್ಲ ನಾನು ಕಿವಿಯಲ್ಲೇ ನೋಡಿದ್ದು.

ಫೋನ್ ಇಡುವಾಗ, ಎಲ್ಲರೂ ಹೇಳೋ ಹಾಗೆ, ಸರಿ ಪುಟ್ಟಿ ಬರ್ತೀನಿ ಅಂತಿದ್ದೆ. ಹೋಗ್ತೀನಿ ಅಂತ ನಮ್ಮಲ್ಲಿ ಯಾರು ಹೇಳ್ತಾರೆ? ಹೋಗೋದಕ್ಕೇ ಬರ್ತೀನಿ ಅನ್ನೋದು.

ನಾಲ್ಕು ತಿಂಗಳಾದ ಮೇಲೆ ಒಂದು ದಿನ ಓನರ್ ಆಂಟಿ ರಿಸೀವರ್ ಕಿತ್ಕೊಂಡು ನನಗೆ ಬೈದರು. ನೀವು ಪ್ರತಿ ವಾರ ಬರ್ತೀನಿ ಬರ್ತೀನಿ ಅಂತ ಹೇಳಿ ಫೋನ್ ಇಡ್ತೀರಿ, ಈ ಮಗು ಚಪ್ಪಲಿ ಹಾಕ್ಕೊಂಡು ಮೆಟ್ಟಿಲ ಮೇಲೆ ಕೂತ್ಕೊಳ್ಳುತ್ತೆ, ಕತ್ತಲಾದರೂ ಏಳಲ್ಲ, ಎತ್ಕೊಂಡು ಹೋದರೆ ಅಳುತ್ತೆ, ಗೊತ್ತಾ ನಿಮಗೆ ಅಂದರು. ಹೆಂಡತಿ ನನಗೆ ಹೇಳಿಯೇ ಇರಲಿಲ್ಲ. ಆವತ್ತು ನನ್ನ ಬಾಯಿಗೇ ಹೊಡ್ಕೋಬೇಕು ಅನ್ನಿಸ್ತು. ಹದಿನಾರು ಭಾನುವಾರ ಆ ಮಗು ಮೆಟ್ಟಿಲ ಮೇಲೆ ಕೂತಿತ್ತು.

ಬೇರೆ ಪದ ಹುಡುಕಿದೆ. ಮುಂದಿನ ವಾರ ಮಾತು ಮುಗಿಸುವಾಗ, ಸರಿ ಪುಟ್ಟಿ ಫೋನ್ ಇಡ್ತೀನಿ ಅಂದೆ.

"ಎಲ್ಲಿ ಇಡ್ತೀಯ?"

"ಇಲ್ಲೇ ಗೋಡೆ ಮೇಲೆ."

"ಬಿದ್ದೋಗತ್ತೆ. ಕೈಯಲ್ಲೇ ಇಟ್ಕೋ."

ಆಮೇಲೆ ನೀನೇ ಇಡು ಅಂತ ಅವಳಿಗೇ ಬಿಟ್ಟೆ. ಅವಳು ಇಡಲಿಲ್ಲ. ನಾನೂ ಇಡಲಿಲ್ಲ. ನನ್ನ ನಾಣ್ಯ ಮುಗಿಯೋವರೆಗೂ ಇಬ್ಬರೂ ಸುಮ್ಮನೆ ನಿಂತಿದ್ದೆವು, ಓನರ್ ತಮ್ಮ ಮಗನ ಫೋನ್ ಬರಬೇಕಿತ್ತು ಅಂತ ಮೂರು ಸಲ ಕೆಮ್ಮಿದರಂತೆ.

೪. ಟೋಪಿ

ಚಳಿಗಾಲ ಶುರುವಾಯ್ತು. ಅಲ್ಲಿಯ ಚಳಿ ಅಂದರೆ ಮೂಳೆಗೇ ಹೋಗೋದು. ಒಂದು ಭಾನುವಾರ ಮಗಳಿಗೆ, ಅಪ್ಪಂಗೆ ತುಂಬ ಚಳಿ ಪುಟ್ಟಿ ಅಂತ ಬಾಯಿ ತಪ್ಪಿ ಹೇಳಿದೆ.

ಮಾರನೇ ದಿನ ಓನರ್ ಫೋನ್ ಮಾಡೋಕೆ ಹೋದರೆ ರಿಸೀವರ್‌ಗೆ ಉಲ್ಲನ್ ಟೋಪಿ. ಗಂಟು ಕಟ್ಟಿದೆ. ಬಿಚ್ಚೋಕೆ ಹೋದರೆ ನನ್ನ ಮಗಳು ನೆಲಕ್ಕೆ ಬಿದ್ದು ಹೊರಳಾಡಿದಳಂತೆ, ಅಪ್ಪಂಗೆ ಶೀತ ಆಗತ್ತೆ ಅಂತ. ಅವಳ ಲೆಕ್ಕದಲ್ಲಿ ಅಪ್ಪ ಅಂದರೆ ಅದರೊಳಗೇ ಇರೋನು. ಇದನ್ನ ಹೆಂಡತಿ ನಗ್ತಾ ಹೇಳಿದಳು. ನಾನು ಬೂತಿನ ಗಾಜಿಗೆ ಹಣೆ ಒತ್ತಿಕೊಂಡು ಅತ್ತೆ, ಸುಳ್ಳು ಯಾಕೆ ಹೇಳಲಿ.

ಆ ಓನರ್ ಅಂಥ ಬಿಗಿ ಮನುಷ್ಯ. ಆದರೂ ಶಿವರಾತ್ರಿವರೆಗೂ ಟೋಪಿ ಹಾಕಿದ ಫೋನಲ್ಲೇ ಮಾತಾಡಿದರು. ಯಾರಾದರೂ ಯಾಕೆ ಸಾರ್ ನಿಮ್ಮ ದನಿ ಸರಿಯಾಗಿ ಕೇಳಿಸ್ತಿಲ್ಲ ಅಂದರೆ, ಇಲ್ಲೊಬ್ಬರಿಗೆ ಚಳಿ ಅಂತಿದ್ದರಂತೆ.

೫. ಗ್ಯಾಸ್ ಅಂಕಲ್

ಅಂತೂ ಹದಿನಾಲ್ಕನೇ ತಿಂಗಳಿಗೆ ಬಂದೆ. ಆಟೋ ತುಮಕೂರು ರಸ್ತೆಗೆ ತಿರುಗಿದಾಗಲೇ ಬಾಡಿಗೆ ದುಡ್ಡು ಎಣಿಸಿ ಕೈಯಲ್ಲಿಟ್ಕೊಂಡೆ. ಬಾಗಿಲಲ್ಲಿ ಹೆಂಡತಿ, ಅವಳ ಸೀರೆ ಹಿಂದೆ ಮಗಳು. ಎರಡು ಜಡೆ ಹಾಕೋ ಅಷ್ಟು ಕೂದಲು ಬಂದಿತ್ತು. ಯಾರು ಬಂದಿದ್ದಾರೆ ಹೇಳು ನೋಡೋಣ ಅಂದಳು ಹೆಂಡತಿ.

ಮಗಳು ನನ್ನನ್ನ, ನನ್ನ ಹೆಗಲ ಮೇಲಿದ್ದ ದೊಡ್ಡ ಪೆಟ್ಟಿಗೆಯನ್ನ ನೋಡಿದಳು. "ಗ್ಯಾಸ್ ಅಂಕಲ್" ಅಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಎತ್ಕೊಳ್ಳೋಕೆ ಹೋದರೆ ಅಡುಗೆ ಮನೆಗೆ ಓಡಿದಳು. ಜರ್ಮನಿಯಿಂದ ತಂದ ಗೊಂಬೆ ಕೊಟ್ಟೆ, ಥ್ಯಾಂಕ್ಸ್ ಅಂಕಲ್ ಅಂದಳು. ಮಗು ಬಲು ಮರ್ಯಾದಸ್ಥೆ. ನನಗೆ ನೀರು ತಂದುಕೊಡೋಳು, ಚೇರ್ ತೋರಿಸಿ ಕೂತ್ಕೊಳ್ಳಿ ಅನ್ನೋಳು. ಹೆಂಡತಿ ದಿನಕ್ಕೆ ಹತ್ತು ಸಲ ಇವರೇ ಅಪ್ಪ ಅಂತ ಹೇಳಿಕೊಟ್ಟಳು. ಅವಳು ಹೂಂ ಅನ್ನೋಳು, ದೊಡ್ಡವರ ಮಾತಿಗೆ ಎದುರಾಡಬಾರದು ಅನ್ನೋ ಹಾಗೆ.

ಮೂರನೇ ದಿನ ಸಂಜೆ ನನ್ನ ಚಪ್ಪಲಿ ತಂದು ಕಾಲ ಹತ್ರ ಜೋಡಿಸಿಟ್ಟಳು. "ಅಂಕಲ್, ಕತ್ತಲಾಗ್ತಿದೆ. ನಿಮ್ಮ ಮನೇಲಿ ಕಾಯ್ತಿರ್ತಾರೆ."

೬. ಭಾನುವಾರ ಐದು ಗಂಟೆ

ಭಾನುವಾರ ಬಂತು. ನಾಲ್ಕೂವರೆಗೇ ಮುಖ ತೊಳೆಸಿಕೊಂಡು, ಹೊಸ ಫ್ರಾಕ್ ಹಾಕಿಸಿಕೊಂಡು, ಮಗಳು ಕೆಳಗಡೆ ಓನರ್ ಮನೆಗೆ ಹೋಗಿ ಫೋನ್ ಮುಂದೆ ಕೂತಳು. ಅಪ್ಪನ ಫೋನ್ ಬರತ್ತೆ ಅಂತ. ಅಪ್ಪ ಅನ್ನಿಸಿಕೊಂಡೋನು ಅದೇ ಹಾಲ್‌ನಲ್ಲಿ, ಎದುರಿಗಿನ ಸೋಫಾದಲ್ಲಿ ಕೂತಿದ್ದೆ.

ಐದಾಯ್ತು. ಐದೂಕಾಲಾಯ್ತು. ನಾನೇ ಅಲ್ವಾ ಪುಟ್ಟಿ, ನನ್ನ ದನಿ ಕೇಳು ಅಂದೆ. ನನ್ನ ಕಡೆ ತಿರುಗಿ, ಶ್ ಅಂಕಲ್, ಫೋನ್ ಬರತ್ತೆ ಅಂದಳು. ಐದೂವರೆಗೆ ಅವಳ ಕೆಳತುಟಿ ನಡುಗೋಕೆ ಶುರುವಾಯ್ತು. ಹೆಂಡತಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಓನರ್ ಪೇಪರ್ ಕೆಳಗಿಟ್ಟು ನನ್ನನ್ನೇ ನೋಡಿದರು. "ನೋಡ್ತಾ ಕೂತಿದೀರಲ್ರೀ, ಹೋಗಿ ಫೋನ್ ಮಾಡ್ರೀ ಮಗೂಗೆ" ಅಂದರು.

ಎದ್ದು ಓಡಿದೆ. ರಸ್ತೆ ತುದಿಯ ಎಸ್‌ಟಿಡಿ ಬೂತಿಗೆ ನುಗ್ಗಿ ಓನರ್ ಮನೆ ನಂಬರ್ ಒತ್ತಿದೆ. ಒಂದೇ ರಿಂಗಿಗೆ ಎತ್ತಿದಳು.

"ಅಪ್ಪಾ" ಅಂದಳು. ಹದಿನಾಲ್ಕು ತಿಂಗಳು ಕೇಳಿದ್ದ ಅದೇ ಅಪ್ಪಾ. ಮನೆಗೆ ಬಂದಾಗಿಂದ ಐದು ದಿನ ಈ ಒಂದು ಮಾತಿಗೆ ಕಾದಿದ್ದೆ.

"ಯಾಕೆ ಲೇಟು?"

"ಕೆಲಸ ಇತ್ತು ಪುಟ್ಟಿ. ಏನು ಸಮಾಚಾರ?"

ದನಿ ಸಣ್ಣಗೆ ಮಾಡಿದಳು. "ನಮ್ಮನೇಗೆ ಒಬ್ರು ಅಂಕಲ್ ಬಂದಿದಾರೆ. ಹೋಗ್ತಾನೇ ಇಲ್ಲ."

"ಹೌದಾ? ಹೇಗಿದಾರೆ?"

"ಒಳ್ಳೇವ್ರು. ಗೊಂಬೆ ಕೊಟ್ರು. ಅಮ್ಮ ಅನ್ನ ಹಾಕಿದ್ರೆ ಅಳ್ತಾರೆ."

ಬೂತಿನವನು ನನ್ನ ಮುಖ ನೋಡಿ ಆ ಕಡೆ ತಿರುಗಿಕೊಂಡ. ನಾನು ಅಂಗಿ ತೋಳಲ್ಲಿ ಕಣ್ಣೊರೆಸಿಕೊಂಡು, ದನಿ ಸರಿಮಾಡಿಕೊಂಡು ಕೇಳಿದೆ: "ಏನ್ಮಾಡೋಣ ಪುಟ್ಟಿ? ಆ ಅಂಕಲ್‌ನ ಕಳಿಸಿಬಿಡೋಣ್ವಾ?"

ಆ ಕಡೆ ಫೋನಿನ ವೈರು ಬೆರಳಿಗೆ ಸುತ್ತೋ ಕರಕರ ಕೇಳಿಸ್ತು. ಯೋಚನೆ ಮಾಡ್ತಿದ್ದಳು.

"ಪಾಪ, ಬೇಡ" ಅಂದಳು. "ನೀನು ಬರೋ ತನಕ ಇರ್ಲಿ ಬಿಡು."