ಹೊಸಬರಿಗೆ ಮಾತ್ರ ಮನೆ

ವಿಜ್ಞಾನದ ಮೇಷ್ಟರಿಗೆ ಮನೆ ಇರಲಿಲ್ಲ.

ತಲೆಯ ಮೇಲೆ ಸೂರೇ ಇರಲಿಲ್ಲ ಎಂದಲ್ಲ. ಊರಿನ ಇನ್ನೊಂದು ತುದಿಯಲ್ಲಿ, ವೆಲ್ಡಿಂಗ್ ಅಂಗಡಿಯ ಮೇಲೆ ಒಂದು ಕೋಣೆ ಇತ್ತು. ಕೆಳಗೆ ಕಬ್ಬಿಣ ಕೊಯ್ಯಲು ಶುರುಮಾಡಿದರೆ ಮೇಲೆ ಲೋಟದ ನೀರು ನಡುಗುತ್ತಿತ್ತು. ಹೆಂಡತಿ, ಮಗಳು ಆ ಕೋಣೆಯಲ್ಲಿ ಮೂರು ದಿನ ಇದ್ದು ನೋಡಿ, ಕಿವಿಗಿಟ್ಟ ಹತ್ತಿಯನ್ನೂ ತೆಗೆಯದೆ ತವರಿಗೆ ಹೋಗಿದ್ದರು. ಎರಡು ವರ್ಷದಿಂದ ಮೇಷ್ಟರ ಸಂಸಾರ ಶನಿವಾರ ಸಂಜೆ ಶುರುವಾಗಿ ಭಾನುವಾರ ಸಂಜೆ ಮುಗಿಯುತ್ತಿತ್ತು.

ಶಾಲೆಯ ಹಿಂದೆಯೇ ಆರು ಮನೆಗಳಿದ್ದವು. ಊರಿನ ಬಾಡಿಗೆ ತಾಳಲಾರದೆ ಶಿಕ್ಷಕರು ಒಬ್ಬರ ಹಿಂದೆ ಒಬ್ಬರು ಕೆಲಸ ಬಿಡತೊಡಗಿದಾಗ ಆಡಳಿತ ಮಂಡಳಿಯೇ ಕಟ್ಟಿಸಿದ್ದು. ಬಾಡಿಗೆ ಕಡಿಮೆ. ಆದರೆ ಮನೆ ಹೊಸದಾಗಿ ಸೇರುವವರಿಗೆ ಮಾತ್ರ. ಹನ್ನೊಂದು ವರ್ಷದಿಂದ ಆ ಶಾಲೆಯಲ್ಲೇ ಪಾಠ ಮಾಡುತ್ತಿದ್ದ ಮೇಷ್ಟರು ತಮಗೂ ಒಂದು ಕೊಡಿ ಎಂದು ಕೇಳಿದಾಗ ಹೆಡ್‌ಮೇಡಂ ನಕ್ಕಿದ್ದರು.

"ಬುಟ್ಟಿಗೆ ಬಿದ್ದ ಮೀನಿಗೆ ಯಾರಾದ್ರೂ ಗಾಳ ಹಾಕ್ತಾರಾ ಮೇಷ್ಟ್ರೇ?"

ಐದು ಮನೆ ತುಂಬಿದ್ದವು. ಆರನೆಯದಕ್ಕೆ ಇನ್ನೂ ಬೀಗ. ಆ ದಿನ ಬೆಳಿಗ್ಗೆ ಮೇಷ್ಟರು ಸುಮ್ಮನಿರಲಾರದೆ ಅದರ ಕಿಟಕಿಗೆ ಮೂಗು ಒತ್ತಿ ಒಳಗೆ ನೋಡಿದರು. ಅಡುಗೆಮನೆ ಕಂಡಿತು. ಅದರಾಚೆ ಮುಚ್ಚಿದ ಬಾಗಿಲೊಂದು ಕಂಡಿತು. ಬಾಗಿಲಾಚೆ ಏನಿರಬಹುದು? ಮಲಗುವ ಕೋಣೆಯೋ, ಉಗ್ರಾಣವೋ, ಬರೀ ಹಿತ್ತಲೋ? ತಲೆಗೆ ಹುಳ ಹೊಕ್ಕಂತಾಯಿತು. ಅದನ್ನು ಹೊತ್ತುಕೊಂಡೇ ಸ್ಟಾಫ್ ರೂಮಿಗೆ ಬಂದರು.

ಗುಮಾಸ್ತರು ಅಲ್ಲೇ ಇದ್ದರು. ಅವರಿಗೆ ತಮ್ಮ ಫೈಲುಗಳಿಗಿಂತ ಬೇರೆಯವರ ಬದುಕಿನ ಮೇಲೆ ಹೆಚ್ಚು ಶ್ರದ್ಧೆ.

"ಆ ಬಾಗಿಲಾಚೆ ನೋಡ್ಬೇಕು ಅಂದ್ರೆ ನೀವು ಹೊಸಬರಾಗ್ಬೇಕು," ಎಂದರು.

"ಹೇಗ್ರೀ ಆಗೋದು? ಸತ್ತು ಹುಟ್ಟಿ ಬರ್ಲಾ?"

"ಅಷ್ಟು ದೂರ ಯಾಕೆ ಹೋಗ್ತೀರಿ? ರಾಜೀನಾಮೆ ಕೊಡಿ. ಕೆಲಸ ಖಾಲಿ ಆಗುತ್ತೆ. ಆ ಕೆಲಸಕ್ಕೆ ನೀವೇ ಅರ್ಜಿ ಹಾಕಿ. ಮಂಡಳಿಯೋರು ಹೊಸಬರು ಅಂದಿದಾರೆ, ಹೊಸ ಮುಖ ಅಂದಿಲ್ಲ."

ಗಣಿತದ ಮೇಡಂ ಲೆಕ್ಕ ಸರಿಯಿದೆ ಎಂದರು. ಡ್ರಿಲ್ ಮೇಷ್ಟರು, "ಹಾರಿಬಿಡಿ ಸಾರ್, ಹಿಡ್ಕೊಳ್ಳೋಕೆ ನಾವಿದೀವಿ," ಎಂದರು. ಗೋಡೆ ಹತ್ತಿ ಅಳುವ ಮಕ್ಕಳಿಗೂ ಅವರು ಇದನ್ನೇ ಹೇಳುತ್ತಿದ್ದರು. ಎಷ್ಟು ಮಕ್ಕಳನ್ನು ಹಿಡಿದುಕೊಂಡಿದ್ದರು ಎಂಬುದನ್ನು ಮೇಷ್ಟರು ಕೇಳಲಿಲ್ಲ.

ಹತ್ತೂಕಾಲಿಗೆ ರಾಜೀನಾಮೆ ಹೆಡ್‌ಮೇಡಂ ಮೇಜಿಗೆ ಬಂತು. ಅದರ ಬೆನ್ನಿಗೇ ಅರ್ಜಿ ಬಂತು. ಎರಡೂ ಒಂದೇ ಕೈಬರಹ, ಒಂದೇ ಶಾಯಿ. ಮೇಡಂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಈ ತಿಂಗಳು ಹೊಸ ನೇಮಕಾತಿ ಒಂದೂ ಇಲ್ಲವಲ್ಲ ಎಂದು ಮಂಡಳಿಯವರು ಅವರ ಜೀವ ಹಿಂಡುತ್ತಿದ್ದರು. ರಾಜೀನಾಮೆಗೆ ಸಹಿ ಹಾಕಿ, ನಂಬರು ಹಾಕಿಸಿ, ಫೈಲಿಗೆ ಸೇರಿಸಿ, "ಕೂತ್ಕೊಳ್ಳಿ, ಸಂದರ್ಶನ ಮಾಡೋಣ," ಎಂದರು.

"ಹಿಂದೆ ಎಲ್ಲಿ ಕೆಲಸ ಮಾಡ್ತಿದ್ರಿ?"

"ಇಲ್ಲೇ."

"ಯಾಕೆ ಬಿಟ್ರಿ?"

"ಮನೆ ಕೊಡ್ಲಿಲ್ಲ."

"ಹಿಂದಿನ ಶಾಲೆ ಮುಖ್ಯಸ್ಥರಿಂದ ನಡತೆ ಪತ್ರ ತಂದಿದೀರಾ?"

ಮೇಷ್ಟರು ಜೇಬು ತಡಕಿದರು. ಮೇಡಂ ನಿಟ್ಟುಸಿರಿಟ್ಟು ಒಂದು ಹಾಳೆ ಎಳೆದುಕೊಂಡು, ಬರೆದು, ಮೊಹರು ಒತ್ತಿ ಮೇಷ್ಟರ ಕೈಗೆ ಕೊಟ್ಟರು. ಮೇಷ್ಟರು ಅದನ್ನು ಎರಡೂ ಕೈಯಲ್ಲಿ ತಿರುಗಿ ಅವರಿಗೇ ಕೊಟ್ಟರು. ಮೇಡಂ ಕನ್ನಡಕ ಏರಿಸಿ ಮೊದಲಿಂದ ಕೊನೆಯವರೆಗೂ ಓದಿದರು.

"ಪರ್ವಾಗಿಲ್ಲ, ನಿಮ್ಮ ಬಗ್ಗೆ ಒಳ್ಳೇದೇ ಬರ್ದಿದಾರೆ. ತಗೊಳ್ಳಿ ಕೀಲಿ, ಮನೆ ನೋಡ್ಕೊಂಡು ಬನ್ನಿ. ನಾಲ್ಕು ಗಂಟೆಗೆ ಅಧ್ಯಕ್ಷರು ಬಂದು ಸಹಿ ಹಾಕಿದ್ರೆ ನಿಮ್ದು."

ಬಾಗಿಲಾಚೆ ಇದ್ದದ್ದು ಮಲಗುವ ಕೋಣೆ. ಗೋಡೆಯಲ್ಲಿ ಪುಸ್ತಕ ಇಡುವಷ್ಟು ಗೂಡು, ಮಗಳ ಕೈಗೆ ಎಟುಕುವ ಎತ್ತರದಲ್ಲಿ. ಮೇಷ್ಟರು ನಲ್ಲಿ ತಿರುಗಿಸಿದರು, ನೀರು ಬಂತು. ನಿಲ್ಲಿಸಿದರು, ನಿಂತಿತು. ಇಷ್ಟು ವರ್ಷದ ಬಾಡಿಗೆ ಬದುಕಿನಲ್ಲಿ ಹೇಳಿದ ಮಾತು ಕೇಳುವ ನಲ್ಲಿಯನ್ನು ಅವರು ನೋಡಿದ್ದು ಇದೇ ಮೊದಲು. ಹೆಂಡತಿಗೆ ಫೋನು ಮಾಡಿದರು.

"ರೀ, ನಿಜವಾಗ್ಲೂನಾ? ಪಕ್ಕದಲ್ಲಿ ವೆಲ್ಡಿಂಗ್ ಗಿಲ್ಡಿಂಗ್ ಇಲ್ಲ ತಾನೆ?"

"ಇಲ್ವೇ. ಗುಬ್ಬಿ ಕೂಗಿದ್ದು ಕೇಳಿಸ್ತಿದೆ."

"ಹಾಗಾದ್ರೆ ಈಗ್ಲೇ ಸಾಮಾನು ಕಟ್ತೀನಿ."

ಊಟದ ಗಂಟೆ ಹೊಡೆಯುವಷ್ಟರಲ್ಲಿ ಸ್ಟಾಫ್ ರೂಮಿನಲ್ಲಿ ಬಿಳಿ ಹಾಳೆಗೆ ಬರ ಬಂದಿತ್ತು. ಗಣಿತದ ಮೇಡಂ ಬರೆಯುತ್ತಿದ್ದರು. ಡ್ರಿಲ್ ಮೇಷ್ಟರು ಅವರದ್ದನ್ನು ನೋಡಿಕೊಂಡು ಕಾಪಿ ಹೊಡೆಯುತ್ತಿದ್ದರು. ಗುಮಾಸ್ತರು ಆಗಲೇ ಬರೆದು ಮುಗಿಸಿದ್ದರು.

"ಏನ್ರೀ ಇದು! ಮನೆ ನಂಗೆ ಆಯ್ತಲ್ಲ!" ಎಂದರು ಮೇಷ್ಟರು.

"ಅಧ್ಯಕ್ಷರ ಸಹಿ ಆಗಿಲ್ವಲ್ಲ," ಎಂದರು ಗುಮಾಸ್ತರು. "ನಾಲ್ಕು ಗಂಟೆಗೆ ಯಾರ್ಯಾರು ಹೊಸಬರೋ, ನೋಡೋಣ. ಬೇಜಾರು ಮಾಡ್ಕೋಬೇಡಿ, ನಿಮ್ಮಿಂದ್ಲೇ ಕಲಿತದ್ದು."

ನಾಲ್ಕಕ್ಕೆ ಅಧ್ಯಕ್ಷರು ಬಂದರು. ಮೇಜಿನ ಮೇಲೆ ಇನ್ನೂ ಸಹಿಯಾಗದ ಒಂಬತ್ತು ರಾಜೀನಾಮೆ, ಒಂಬತ್ತು ಅರ್ಜಿ. ಹೆಡ್‌ಮೇಡಂ ಬೆವರು ಒರೆಸಿಕೊಳ್ಳುತ್ತ ಬೆಳಗಿನಿಂದ ನಡೆದದ್ದೆಲ್ಲ ಹೇಳಿದರು. ಅಧ್ಯಕ್ಷರು ಟೈರ್ ಅಂಗಡಿ ಇಟ್ಟು ಮೇಲೆ ಬಂದವರು. ಗಾಳಿ ಎಲ್ಲಿ ಸೋರುತ್ತಿದೆ ಎಂದು ಅವರಿಗೆ ಬೇಗ ಗೊತ್ತಾಗುತ್ತಿತ್ತು.

"ಬಿಟ್ಟು ಹೋಗ್ತೀನಿ ಅಂದೋರಿಗೆ ಮನೆ ಕೊಟ್ರೆ ನಾಳೆ ಗಂಟೆ ಹೊಡೆಯೋರೂ ಇರಲ್ಲ. ಹೊಸಬರೂ ಬೇಡ, ಹಳಬರೂ ಬೇಡ. ಮನೆ ಇಲ್ದೆ ಇದ್ರೂ ಇವತ್ತು ರಾಜೀನಾಮೆ ಬರೀದೆ ಇರೋರು ಯಾರಿದ್ದಾರೆ?"

ಬಾಗಿಲಲ್ಲಿ ಗುಂಪುಗೂಡಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಅಷ್ಟರಲ್ಲಿ ಗೇಟಿನಲ್ಲಿ ಹಾರ್ನ್ ಕೇಳಿಸಿತು. ಶಾಲೆಯ ಬಸ್ಸು. ಬೆಳಿಗ್ಗೆ ಮಕ್ಕಳನ್ನು ಇಳಿಸಿ, ಬ್ರೇಕ್ ರಿಪೇರಿಗೆಂದು ಗ್ಯಾರೇಜಿಗೆ ಹೋಗಿದ್ದ ಡ್ರೈವರು ಈಗ ಬರುತ್ತಿದ್ದ. ಸೇರಿ ಎಂಟು ತಿಂಗಳಾಗಿತ್ತು. ಚಾಲಕರಿಗೂ ಮನೆ ಕೇಳುವ ಹಕ್ಕಿದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಎಲ್ಲಪ್ಪಾ ನಿನ್ನ ಮನೆ?" ಬಸ್ಸಿನ ಹತ್ತಿರಕ್ಕೇ ಬಂದು ಕೇಳಿದರು ಅಧ್ಯಕ್ಷರು.

ಡ್ರೈವರು ಕೈಯ ಗ್ರೀಸು ಒರೆಸಿಕೊಂಡು ನೆಲ ನೋಡಿದ. "ತಪ್ಪಾಯ್ತು ಸಾರ್. ಹಿಂದಿನ ಸೀಟಲ್ಲೇ ಮಲಗ್ತಿದ್ದೆ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ."

ಅಧ್ಯಕ್ಷರು ಅಲ್ಲೇ, ಬಸ್ಸಿನ ಬಾನೆಟ್ ಮೇಲೆ ಹಾಳೆಯಿಟ್ಟು ಅವನ ಹೆಸರಿಗೆ ಸಹಿ ಹಾಕಿದರು. ಮೇಷ್ಟರ ಕೈಯಿಂದ ಕೀಲಿ ಈಸಿಕೊಂಡು ಅವನಿಗೆ ಕೊಟ್ಟರು. ಒಂಬತ್ತು ರಾಜೀನಾಮೆಗಳನ್ನೂ ಒಟ್ಟಿಗೆ ಹರಿದರು. ಗುಮಾಸ್ತರೂ ಸೇರಿ ಎಲ್ಲರೂ ಮತ್ತೆ ಮೊದಲಿನ ಹಳಬರಾದರು. ವಿಜ್ಞಾನದ ಮೇಷ್ಟರದ್ದನ್ನು ಮಾತ್ರ ಹರಿಯಲಾಗಲಿಲ್ಲ. ಅದಕ್ಕೆ ಸಹಿಯಾಗಿ ನಂಬರು ಬಿದ್ದಿತ್ತು; ಆ ತಿಂಗಳ ಹೊಸ ನೇಮಕಾತಿಯಾಗಿ ಅವರೊಬ್ಬರೇ ಉಳಿದರು.

"ಬೇಜಾರಾಗ್ಬೇಡಿ ಮೇಷ್ಟ್ರೇ," ಎಂದ ಡ್ರೈವರು, ನಿಜವಾದ ಕನಿಕರದಿಂದ. "ಹಿಂದಿನ ಸೀಟು ಖಾಲಿ ಆಯ್ತಲ್ಲ. ಉದ್ದ ಇದೆ, ಕಾಲು ಚಾಚ್ಬಹುದು."

ಮೇಷ್ಟರ ಜೇಬಿನಲ್ಲಿ ಫೋನು ಬಡಿದುಕೊಂಡಿತು. "ರೀ, ಕಟ್ಟಿದ್ದಾಯ್ತು. ನಾಳೆ ಯಾವ ಬಸ್ಸಿಗೆ ಬರ್ಲಿ?"

ಮೇಷ್ಟರು ಎದುರಿಗಿದ್ದ ಬಸ್ಸನ್ನೇ ನೋಡುತ್ತ ನಿಂತರು.

ಆ ಒಂದು ದಿನದಲ್ಲಿ ಅವರಿಗೆ ಹೋದದ್ದು ಇಷ್ಟು: ಹನ್ನೊಂದು ವರ್ಷದ ಸೇವೆ, ಅರವತ್ತೆರಡು ದಿನದ ಗಳಿಕೆ ರಜೆ, ಮನೆ ಒಂದು.