ನಾಲ್ಕು ಕಿಲೋ ಹಗುರ

ಹೆಂಡತಿ: ಹೆಲ್ಮೆಟ್ಟು ಭಾರ, ಬೆಲ್ಟು ಭಾರ, ಬೆಂಕಿ ತಡೆಯೋ ಸೂಟೂ ಭಾರ! ನಿಮ್ಮ ಹೊಟ್ಟೆ ಮಾತ್ರ ಹತ್ತಿ ಮೂಟೆ, ಅಲ್ವಾ?

ಚಾಲಕ: ಮೆಲ್ಲಗೆ ಮಾತಾಡೇ! ಕಾಲು ಮೈಲಿ ಓಟ ಕಣೇ ಇದು. ಎಂಟು ಸೆಕೆಂಡಲ್ಲಿ ಮುಗಿಯುತ್ತೆ. ಹೋದ ಸಲ ನಿಮ್ಮಕ್ಕನ ಗಂಡ ನನ್ನನ್ನ ಎಷ್ಟರಲ್ಲಿ ಸೋಲಿಸಿದ್ದು? ಮೂಗಿನಷ್ಟರಲ್ಲಿ!

ಹೆಂಡತಿ: ಹಂಗಾದ್ರೆ ಮೂಗು ಬಿಚ್ಚಿಟ್ಟು ಹೋಗಿ.

ಡ್ರ್ಯಾಗ್ ರೇಸಿನ ಮೈದಾನದಲ್ಲಿ ತಗಡಿನ ಶೆಡ್ಡು. ಓಟಕ್ಕೆ ಮೊದಲು ಕಾರೂ ಚಾಲಕನೂ ಇಲ್ಲಿ ಬೇರೆಬೇರೆಯಾಗಿ ಪಾಸಾಗಬೇಕು. ಆಗತಾನೇ ಲಾರಿಯಿಂದ ಇಳಿಸಿದ ಕಾರಿನ ಒಳಹೊರಗೆಲ್ಲ ಇಣುಕಿ ಮುಗಿಸಿದ ತಪಾಸಕ, ಕಪ್ಪು ಬಟ್ಟೆಯೊಂದನ್ನು ಕೊಡವುತ್ತ ಬಂದ.

ತಪಾಸಕ: ಕಣ್ಣು ಕಟ್ಟಿ ಒಳಗೆ ಕೂರಿಸ್ತೀನಿ. ನಾನು ಹೇಳಿದ್ದನ್ನ ತಡವಿ ಮುಟ್ಟಬೇಕು.

ಚಾಲಕ: ಕಣ್ಣು ಕಟ್ಕೊಂಡು ಯಾರು ಸಾರ್ ಕಾರ್ ಓಡಿಸ್ತಾರೆ?

ತಪಾಸಕ: ಇಂಜಿನ್ ಹತ್ಕೊಂಡ್ರೆ ಒಳಗೆಲ್ಲ ಹೊಗೆ. ಆಗ ಕೈಗೇ ಕಣ್ಣಿರಬೇಕು.

ಹೆಂಡತಿ: ಇವರಿಗೆ ಕಣ್ಣು ಬಿಟ್ಕೊಂಡೇ ಉಪ್ಪಿನ ಡಬ್ಬ ಸಿಗಲ್ಲ ಸಾರ್.

ಹೆಲ್ಮೆಟ್ಟಿನ ಮುಂಗಾಜಿಗೆ ಬಟ್ಟೆ ಬಿಗಿದು ಚಾಲಕನನ್ನು ಸೀಟಿಗೆ ಇಳಿಸಿದ್ದಾಯಿತು.

ತಪಾಸಕ: ಪೆಟ್ರೋಲ್ ನಿಲ್ಲಿಸೋ ಸ್ವಿಚ್ಚು?

ಚಾಲಕ: ಇಗೋ!

ತಪಾಸಕ: ಸರಿ. ಓಟ ಮುಗಿದ ಮೇಲೆ ಕಾರು ನಿಲ್ಲಿಸೋ ಪ್ಯಾರಾಚೂಟ್ ಬಿಚ್ಚೋ ಹಿಡಿ?

ಚಾಲಕ: ಇದೇ! ಎಳೀಲಾ?

ತಪಾಸಕ: ಎಳೀಬೇಡ್ರೀ, ಅದು ನನ್ನ ಮೊಣಕೈ! ಇನ್ನೂ ಎಡಕ್ಕೆ... ಹಾಂ. ಈಗ, ಬೆಂಕಿ ಆರಿಸೋ ಸಿಲಿಂಡರಿನ ಹಿಡಿ?

ಚಾಲಕ ಎರಡೂ ಕೈಯನ್ನು ಮಡಿಲಿಗೆ ಎಳೆದುಕೊಂಡ.

ಚಾಲಕ: ಅದು... ಇದೆ.

ತಪಾಸಕ: ಎಲ್ಲಿ?

ಚಾಲಕ: ಇರೋ ಕಡೆ ಇದೆ.

ತಪಾಸಕ: ಮುಟ್ಟಿ.

ಚಾಲಕ: ಎಂಟು ಸೆಕೆಂಡಿಗೆ ಅದೆಲ್ಲ ಯಾಕೆ ಸಾರ್?

ತಪಾಸಕ: ಓಟ ಎಂಟು ಸೆಕೆಂಡು ಅಂತ ಬೆಂಕಿಗೆ ಯಾರು ಹೇಳ್ತಾರೆ? ನೀವಾ?

ಹೆಂಡತಿ: ಹೇಳ್ರೀ. ಬೆಲ್ಟನ್ನ ಬಾಯಿಗೇನಾದ್ರೂ ಹಾಕ್ಕೊಂಡ್ರಾ?

ಚಾಲಕ: ಆಯ್ತು ಸಾರ್, ತಪ್ಪಾಯ್ತು! ನಿನ್ನೆ ಬಿಚ್ಚಿ ಮಂಚದ ಕೆಳಗೆ ತಳ್ಳಿಬಿಟ್ಟೆ. ನಾಲ್ಕು ಕಿಲೋ ಸಾರ್! ಷಡ್ಡಕನ ಮುಂದೆ ಒಂದ್ಸಲ ಮಾನ ಉಳೀಲಿ ಅಂತ...

ತಪಾಸಕ: ಮತ್ತೆ ಇಲ್ಲಿ ಕೆಂಪಗೆ ಕೂತಿರೋದು ಏನು?

ಚಾಲಕ ಬಟ್ಟೆ ಕಿತ್ತೆಸೆದು ನೋಡಿದ. ಮೊಣಕಾಲ ಪಕ್ಕದಲ್ಲೇ ಸಿಲಿಂಡರು, ನಾಲ್ಕೂ ಬೋಲ್ಟು ಬಿಗಿಯಾಗಿ ಕೂತಿತ್ತು.

ಹೆಂಡತಿ: ನಾನೇ ಕೂರಿಸಿದೆ. ಬೆಳಿಗ್ಗೆ ಕನ್ನಡಿ ಮುಂದೆ ನಿಂತು, ಗೆದ್ದವರ ಥರ ಕೈ ಬೀಸೋದು ಕಲೀತಿದ್ರಲ್ಲ, ಆಗ.

ಚಾಲಕ: ನನಗೊಂದು ಮಾತು ಹೇಳ್ಬಾರ್ದಾ?

ಹೆಂಡತಿ: ಹೇಳಿದ್ರೆ ಈ ಸಲ ಅಟ್ಟಕ್ಕೆ ಏರಿಸ್ತಿದ್ರಿ.

ತಪಾಸಕ ಪೆನ್ನು ತೆಗೆದು ಚೀಟಿ ಬರೆದ.

ತಪಾಸಕ: ಕಾರು ಪಾಸು. ಚಾಲಕರು ಫೇಲು.

ಚಾಲಕ: ಸಾರ್, ದಮ್ಮಯ್ಯ, ಕಾರೇ ಕೆಟ್ಟಿದೆ ಅಂತ ಬರೀರಿ! ಷಡ್ಡಕ ಬಿದ್ದು ಬಿದ್ದು ನಗ್ತಾನೆ.

ತಪಾಸಕ: ಅವರಿಗೆ ನಗು ಬರೋ ಹಾಗಿಲ್ಲ. ಈಗಷ್ಟೇ ವಾಪಸ್ ಕಳಿಸ್ದೆ. ಭಾರ ಅಂತ ಸೀಟ್ ಬೆಲ್ಟ್ ಕಿತ್ತಾಕಿ, ಸೂಟಿನ ಮೇಲೆ ಬೆಲ್ಟಿನ ಚಿತ್ರ ಬರೆಸ್ಕೊಂಡು ಬಂದಿದ್ರು.

ಹೆಂಡತಿ ತಲೆಯ ಮೇಲೆ ಕೈ ಹೊತ್ತಳು.

ಹೆಂಡತಿ: ಪಾಪ, ನಮ್ಮಪ್ಪ! ಇಬ್ಬರು ಅಳಿಯಂದಿರನ್ನೂ ಕಣ್ಣು ಕಟ್ಕೊಂಡೇ ಆರಿಸಿದ್ದಾರೆ.